ಡಬ್ಬಿ ಹೇಳಿದ ಗುರುವಾರ

ಹನ್ನೆರಡೂವರೆಗೆ ಸರಿಯಾಗಿ ಪಿಟೀಲು ಕಾರ್ಖಾನೆಯ ಮೇಸ್ತ್ರಿ ಗೋಡೆಯ ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದ. ಫ್ಯಾನು ನಿಂತಿತು. ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ ನಿಂತಿತು. ಪಕ್ಕದ ಕೋಣೆಯಲ್ಲಿ ಅಂಟು ಕಾಯಿಸುವ ಪಾತ್ರೆಯ ಗುಳುಗುಳು ಸದ್ದೂ ಅಡಗಿತು. ಮರ ಒಣಗಿಸುವ ಕೋಣೆಯಲ್ಲಿ ಉಳಿದದ್ದು ನಾವಿಬ್ಬರು ಮುದುಕರು, ಕಿಟಕಿಯಿಂದ ಬೀಳುವ ಒಂದಿಷ್ಟು ಬೆಳಕು.

ನನ್ನ ಮೊಬೈಲಿನಲ್ಲಿ ತೆರೆದಿಟ್ಟಿದ್ದ ಪುಟವೂ ಅಲ್ಲಿಗೇ ನಿಂತುಬಿಟ್ಟಿತು.

"ಏ, ಡಬ್ಬಿ ಆಫ್ ಆಯ್ತಲ್ಲೋ!" ಎಂದೆ.

ಮೇಸ್ತ್ರಿ ನನ್ನತ್ತ ತಿರುಗಲಿಲ್ಲ. ಒಂದು ಹಲಗೆಯನ್ನು ಎರಡು ಬೆರಳಲ್ಲಿ ತೂಗುಹಾಕಿದಂತೆ ಹಿಡಿದು, ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ತಂದುಕೊಂಡ.

ಈ ಕೋಣೆಯಿಂದ 'ಮದುಮಕ್ಕಳು' ಕಳುವಾಗಿದೆಯೆಂದು ಮೊನ್ನೆ ಶನಿವಾರ ಗೊತ್ತಾಗಿ, ಅಂದು ಸಂಜೆಯೇ ನನ್ನ ಅಕ್ಕನ ಮಗಳು ಚುಕ್ಕಿಯನ್ನು ಪೊಲೀಸರು ವಿಚಾರಣೆಗೆ ಕರೆದೊಯ್ದು, ನಿನ್ನೆ ಸಂಜೆ ಬಂಧಿಸಿದ್ದರು. ಇವತ್ತು ಸೋಮವಾರ ನಾಲ್ಕು ಗಂಟೆಗೆ ಅವಳನ್ನು ಕೋರ್ಟಿನ ಮುಂದೆ ನಿಲ್ಲಿಸುವವರಿದ್ದರು.

ಮದುಮಕ್ಕಳು ಎಂದರೆ ಎರಡು ಹಲಗೆ. ಒಂದೇ ದಿಮ್ಮಿಯನ್ನು ನಡುವೆ ಸೀಳಿ, ಪುಸ್ತಕ ಬಿಚ್ಚಿದಂತೆ ಪಕ್ಕಪಕ್ಕ ಇಟ್ಟರೆ ಗೆರೆಗೆ ಗೆರೆ ಕೂಡುತ್ತದೆ. ಪಿಟೀಲಿನ ಎದೆಯಾಗುವುದು ಅಂಥ ಜೋಡಿಯೇ. ಇದನ್ನು ಮೇಸ್ತ್ರಿ ಒಣಗಲು ಇಟ್ಟು ನಲವತ್ತೊಂದು ವರ್ಷವಾಗಿತ್ತು, ಮಾರಿದರೆ ಲಕ್ಷಗಟ್ಟಲೆ ಬರುತ್ತಿತ್ತು. ಈಗ ಅದರ ಜಾಗದಲ್ಲಿ ಯಾರೋ ತಂದಿಟ್ಟ ಹಸಿ ಹಲಗೆ ಮಲಗಿತ್ತು.

ಸ್ವಿಚ್ಚು ಎಳೆಯುವ ಈ ಪದ್ಧತಿ ನನಗೆ ಹೊಸದೇನಲ್ಲ. ಎದುರು ಸಾಲಿನಲ್ಲಿ ನಾನು ರೇಡಿಯೊ ರಿಪೇರಿ ಅಂಗಡಿ ತೆರೆದ ಮೊದಲ ವಾರವೇ ಈ ಮನುಷ್ಯ ರಸ್ತೆ ದಾಟಿ ಜಗಳಕ್ಕೆ ಬಂದಿದ್ದ. ಆಗ ನನ್ನ ಅಂಗಡಿಯಲ್ಲಿ ಒಂದೇ ಹೊತ್ತಿಗೆ ಮೂರು ರೇಡಿಯೊ ಮೂರು ಹಾಡು ಹಾಡುತ್ತಿದ್ದವು.

"ಹನ್ನೆರಡೂವರೆಯಿಂದ ಒಂದೂ ಹತ್ತರ ತನಕ ಇವುಗಳ ಬಾಯಿ ಮುಚ್ಚಿಸು," ಎಂದಿದ್ದ. "ಆ ನಲವತ್ತು ನಿಮಿಷ ಮರ ಮಾತಾಡುತ್ತೆ."

"ಮರ ಏನು ಮಾತಾಡುತ್ತಪ್ಪಾ?"

"ಬಂದು ಕೇಳು."

ಬುತ್ತಿ ತಗೊಂಡು ಹೋದೆ. ಕೆಲಸದವರನ್ನೆಲ್ಲ ಊಟಕ್ಕೆ ಕಳಿಸಿ, ಮೇನ್ ಸ್ವಿಚ್ಚು ಎಳೆದು, ಕಟ್ಟಡದಲ್ಲಿ ಒಂದು ಸೊಳ್ಳೆಯ ಸದ್ದೂ ಇಲ್ಲದಂತೆ ಮಾಡಿ ಒಂದೊಂದೇ ಹಲಗೆ ತಟ್ಟುತ್ತಿದ್ದ. ನನಗೆ ಟಕ್ ಟಕ್ ಬಿಟ್ಟರೆ ಬೇರೇನೂ ಕೇಳಲಿಲ್ಲ. ಆದರೂ ಮಾರನೆಯ ದಿನ ಹೋದೆ, ಅದರ ಮಾರನೆಯ ದಿನವೂ ಹೋದೆ. ನನ್ನ ಮದುವೆ, ಅವನ ಹೆಂಡತಿಯ ಸಾವು, ಊರಿನಲ್ಲಿ ರೇಡಿಯೊ ಕೇಳುವವರೇ ಇಲ್ಲದಾದದ್ದು, ಎಲ್ಲವನ್ನೂ ನಾವು ಮಾತಾಡದೆ ಮಾತಾಡಿಕೊಂಡದ್ದು ಆ ನಲವತ್ತು ನಿಮಿಷಗಳಲ್ಲೇ. ಆ ಮೌನದಷ್ಟು ಸುಖ ನನಗೆ ಯಾವ ಹಾಡೂ ಕೊಟ್ಟಿಲ್ಲ.

ಆಮೇಲೆ ನಾನು ಪತ್ತೇದಾರನಾದದ್ದು ಹೊಟ್ಟೆಪಾಡಿಗೆ. ಕೆಟ್ಟ ರೇಡಿಯೊದಲ್ಲಿ ಎಲ್ಲಿ ತಂತಿ ಕಡಿದಿದೆಯೆಂದು ಹುಡುಕುವವನಿಗೆ ಕೆಟ್ಟ ಮನುಷ್ಯರಲ್ಲಿ ಹುಡುಕುವುದೇನು ಮಹಾ ಎಂದು ಜನ ನಂಬಿದರು. ನಾನೂ ನಂಬಿದೆ.

ಮೇಸ್ತ್ರಿ ಇನ್ನೊಂದು ಹಲಗೆ ತಟ್ಟಿದ. 'ಡಬ್' ಎಂದಿತು. ಒಳಗೆ ಎಲ್ಲೋ ಬಿರುಕಿದೆಯೆಂದು ನನ್ನಂಥ ಹೊರಗಿನವನಿಗೂ ಗೊತ್ತಾಗುವ ಸದ್ದು. ಅವನು ಮಾತ್ರ ತಲೆಯಾಡಿಸಿ, "ಚೆನ್ನಾಗಿದೆ" ಎಂದು ಅದನ್ನು ಒಳ್ಳೆಯ ಹಲಗೆಗಳ ಅಟ್ಟಿಯ ಮೇಲಿಟ್ಟ.

ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಅಂದುಕೊಂಡೆ.

ಒಂದೂ ಹತ್ತಕ್ಕೆ ಸ್ವಿಚ್ಚು ಮೇಲೆ ಹೋಯಿತು. ತೊಲೆಗೆ ಕಟ್ಟಿದ್ದ ಡಬ್ಬಿಯ ಹಸಿರು ದೀಪ ಮಿಣುಕಿತು.

ಡಬ್ಬಿ ಎಂದು ಕರೆಯುವುದು ನಾವು. ಚುಕ್ಕಿ ಅದಕ್ಕೆ ಗೇಟ್‌ವೇ ಅನ್ನುತ್ತಾಳೆ. ಹೆತ್ತವಳು ಹೋದಮೇಲೆ ನನ್ನ ಅಂಗಡಿಯ ನೆಲದಲ್ಲೇ ಬೆಸುಗೆಯ ಹೊಗೆ ಕುಡಿದು ಬೆಳೆದವಳು ಅವಳು. ಈಗ ಇಲ್ಲಿ ಪಿಟೀಲುಗಳಿಗೆ ವಾರ್ನಿಷ್ ಬಳಿಯುತ್ತಾಳೆ. ಕೋಣೆಯ ಐದು ಅಟ್ಟಿಗಳಿಗೂ ಒಂದೊಂದು ಸೆನ್ಸರ್ ಕೂರಿಸಿ, ಅದರ ಸೂಜಿಯನ್ನು ಮರಕ್ಕೆ ಚುಚ್ಚಿದ್ದಳು. ಸೆನ್ಸರುಗಳಿಗೆ ತಮ್ಮದೇ ಬ್ಯಾಟರಿ ಇದೆ. ಐದು ನಿಮಿಷಕ್ಕೊಮ್ಮೆ 'ನನ್ನ ಮರದಲ್ಲಿ ಇಷ್ಟು ತೇವ' ಎಂದು ತಂತಿಯಿಲ್ಲದೆ ಕೂಗುತ್ತವೆ. ಆ ಕೂಗನ್ನೆಲ್ಲ ಹಿಡಿದು ಬರೆದಿಡುವುದು ಡಬ್ಬಿಯ ಕೆಲಸ.

ಬೇರೆ ಕಡೆ ಇಂಥ ಡಬ್ಬಿಗಳು ಕೇಳಿದ್ದನ್ನೆಲ್ಲ ಇಂಟರ್‌ನೆಟ್ಟಿಗೆ ಒಪ್ಪಿಸುತ್ತವೆ. ಮೇಸ್ತ್ರಿ ಅದಕ್ಕೆ ಸುತರಾಂ ಒಪ್ಪಿರಲಿಲ್ಲ.

"ನನ್ನ ಮರ ಎಷ್ಟು ಒಣಗಿದೆ ಅನ್ನೋದು ಊರಿಗೆಲ್ಲ ಯಾಕೆ ಗೊತ್ತಾಗಬೇಕು? ಮನೆ ಮಾತು ಮನೇಲೇ ಇರಲಿ."

ಹಾಗಾಗಿ ಚುಕ್ಕಿ ಅದಕ್ಕೆ ಮನೆಯೊಳಗೇ ಬಾಳುವುದನ್ನು ಕಲಿಸಿದಳು. ಪಟ್ಟಿಯನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು, ಹತ್ತಿರ ಬಂದ ಮೊಬೈಲಿಗೆ ಮಾತ್ರ ತೋರಿಸುವ ಡಬ್ಬಿ ಅದು. ಪುಟ ತೆರೆದರೆ ತೇವದ ಅಂಕೆಗಳಷ್ಟೇ ಕಾಣುತ್ತವೆ. ಹೊತ್ತು ಬೇಕೆಂದರೆ ಪಟ್ಟಿ ಇಳಿಸಿಕೊಳ್ಳಬೇಕು.

ಅವಳ ಕೊರಳಿಗೆ ಉರುಳಾದದ್ದು ಆ ಪಟ್ಟಿಯೇ. ಗುರುವಾರ ಸಂಜೆ 5:40ಕ್ಕೆ ಮದುಮಕ್ಕಳ ಸೂಜಿ ಮರದಿಂದ ಹೊರಬಂದಿತ್ತು. 5:55ಕ್ಕೆ ಮತ್ತೆ ಮರದೊಳಗೆ ಹೋಗಿತ್ತು. ಅಷ್ಟರಲ್ಲಿ ತೇವ ಶೇಕಡಾ ಎಂಟರಿಂದ ಹದಿನಾಲ್ಕಕ್ಕೆ ಏರಿತ್ತು. ಆ ಹೊತ್ತಿಗೆ ಎಲ್ಲರೂ ಮನೆಗೆ ಹೋಗಿ, ಕಾರ್ಖಾನೆಯಲ್ಲಿ ವಾರ್ನಿಷ್ ಹಿಡಿದು ಒಬ್ಬಳೇ ಉಳಿದಿದ್ದವಳು ಚುಕ್ಕಿ. ಮೇಸ್ತ್ರಿಯ ಮಗಳು, ಈಗ ಕಾರ್ಖಾನೆ ನಡೆಸುವವಳು, ಆ ಎರಡು ಸಾಲನ್ನು ಪ್ರಿಂಟ್ ತೆಗೆದು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಿದ್ದಳು. ಉಳಿದ ಪಟ್ಟಿಯನ್ನು ಯಾರೂ ಮೂಸಿಯೂ ನೋಡಿರಲಿಲ್ಲ.

ನಾನು ಪೂರ್ತಿ ಪಟ್ಟಿ ಇಳಿಸಿಕೊಂಡು ಕೊನೆಯ ಸಾಲು ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ.

ಭಾನುವಾರ, ರಾತ್ರಿ 8:35.

ಕಿಟಕಿಯಾಚೆ ಸೋಮವಾರದ ಬಿಸಿಲು ನೆತ್ತಿ ಸುಡುತ್ತಿತ್ತು. ಗೋಡೆ ಗಡಿಯಾರದಲ್ಲಿ ಒಂದೂಕಾಲು.

ಸ್ಟೂಲು ಎಳೆದುಕೊಂಡು ಹತ್ತಿದೆ. ಮಂಡಿ ನೋವು ಮರೆತೇಹೋಗಿತ್ತು. ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆದೆ. ಗುಂಡಿಯಷ್ಟಗಲದ ಸೆಲ್ ಇರುವ ಪುಟ್ಟ ಗಡಿಯಾರದ ಚೂರೊಂದು ಅಲ್ಲಿ ಕೂರಬೇಕಿತ್ತು. ಜಾಗ ಖಾಲಿ.

ಅದು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಅಂಗಡಿಯ ಎರಡನೇ ಡ್ರಾಯರಿನಲ್ಲಿ, ಬಿಚ್ಚದ ಪೊಟ್ಟಣದಲ್ಲಿ. ತಿಂಗಳ ಹಿಂದೆ ಚುಕ್ಕಿ ಡಬ್ಬಿಯನ್ನು ನನ್ನ ಮುಂದಿಟ್ಟು, "ಮಾವಾ, ಇದಕ್ಕೆ ಇಂಟರ್‌ನೆಟ್ ಇಲ್ಲ, ಟೈಮ್ ಹೇಳೋರು ಯಾರೂ ಇಲ್ಲ. ಆ ಗಡಿಯಾರದ್ದು ಒಂದು ಬೆಸುಗೆ ಹಾಕಿ ಮುಚ್ಚಿಬಿಡಿ" ಎಂದಿದ್ದಳು. "ಆಯ್ತಮ್ಮಾ" ಎಂದಿದ್ದೆ. ಯಾರೋ ಬಂದರು, ಯಾವುದೋ ಮಾತಾಯಿತು, ಮುಚ್ಚಳ ಮುಚ್ಚಿ ಕೊಟ್ಟುಬಿಟ್ಟೆ. ನಲವತ್ತು ವರ್ಷ ಜನರ ರೇಡಿಯೊ ರಿಪೇರಿ ಮಾಡಿದ ಕೈ ಮನೆಯ ಮಗುವಿನ ಕೆಲಸ ಮರೆತಿತ್ತು. ಸ್ಟೂಲಿನ ಮೇಲೆ ನಿಂತೇ ನನ್ನನ್ನು ನಾನು ಬೈದುಕೊಂಡೆ.

ಆ ಚೂರಿಲ್ಲದ ಡಬ್ಬಿಗೆ ಕರೆಂಟು ಹೋದರೆ ಕಾಲವೂ ನಿಲ್ಲುತ್ತದೆ. ಕರೆಂಟು ಬಂದಾಗ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎಣಿಸತೊಡಗುತ್ತದೆ. ಇಂಟರ್‌ನೆಟ್ ಇದ್ದಿದ್ದರೆ ಹೊರಗಿನವರನ್ನು ಕೇಳಿ ತಿದ್ದಿಕೊಳ್ಳುತ್ತಿತ್ತು. ಇದು ಯಾರನ್ನು ಕೇಳಬೇಕು? ಚುಕ್ಕಿ ಒಳಗೆ ಗಡಿಯಾರ ಇದೆಯೆಂದೇ ನಂಬಿದ್ದಳು. ಅದಕ್ಕೇ ಅವಳಿಗೂ ಪಟ್ಟಿಯ ಮೇಲೆ ಅನುಮಾನ ಬಂದಿರಲಿಲ್ಲ.

ದಿನಾ ಮಧ್ಯಾಹ್ನ ನಲವತ್ತು ನಿಮಿಷ, ಮರದ ಮಾತು ಕೇಳಲೆಂದು, ಮೇಸ್ತ್ರಿ ಈ ಡಬ್ಬಿಯನ್ನು ಸಾಯಿಸಿ ಬದುಕಿಸುತ್ತಿದ್ದ. ನಾನು ಎದುರಿಗೇ ಕೂತು ಬುತ್ತಿ ಬಿಚ್ಚುತ್ತಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆಗೆ ನನಗಿಂತ ಒಳ್ಳೆಯ ಕಥಾನಾಯಕ ಸಿಗಲಾರ.

ಆದರೆ ಊಹೆಯನ್ನು ಹಿಡಿದುಕೊಂಡು ಇನ್ಸ್‌ಪೆಕ್ಟರ್ ಮುಂದೆ ನಿಲ್ಲಲಾಗುವುದಿಲ್ಲ. ಪುರಾವೆ ಬೇಕಿತ್ತು. ಪಟ್ಟಿಯ ಬಲತುದಿಯಲ್ಲಿ ಅದೂ ಸಿಕ್ಕಿತು.

ಸೆನ್ಸರ್ ಪ್ರತಿ ಕೂಗಿಗೂ ಒಂದು ಕ್ರಮಸಂಖ್ಯೆ ಹಾಕುತ್ತದೆ. ಮೇನ್ ಸ್ವಿಚ್ಚು ಎಳೆದರೆ ಅದಕ್ಕೇನು, ಅದರ ಬ್ಯಾಟರಿ ಅದಕ್ಕಿದೆ. ಡಬ್ಬಿ ಸತ್ತಿದ್ದಾಗಲೂ ಅದು ಕೂಗುತ್ತಲೇ ಇರುತ್ತದೆ, ಕೇಳುವವರಿರುವುದಿಲ್ಲ ಅಷ್ಟೆ. ಆಗ ಪಟ್ಟಿಯಲ್ಲಿ ಹೊತ್ತು ಹಾರುವುದಿಲ್ಲ, ಸಂಖ್ಯೆ ಹಾರುತ್ತದೆ. ಹುಡುಕಿದೆ. ಭಾನುವಾರ ಬಿಟ್ಟು ದಿನಕ್ಕೊಂದು ಕಡೆ, ತಪ್ಪದೆ, ಎಂಟು ಸಂಖ್ಯೆ ಮಾಯ. ಎಂಟೈದಲಿ ನಲವತ್ತು.

ಡಬ್ಬಿ ಕೂರಿಸಿದ ದಿನದಿಂದ ಆ ಗುರುವಾರದವರೆಗೆ ಕೆಲಸದ ದಿನ ಇಪ್ಪತ್ತೆರಡು. ಮೇಸ್ತ್ರಿಯ ಮೇಜಿನ ಮೇಲಿದ್ದ ಪೆನ್ಸಿಲಿನಿಂದ ಮರದ ಚಕ್ಕೆಯ ಮೇಲೇ ಲೆಕ್ಕ ಹಾಕಿದೆ. ಕಳೆದುಹೋದ ಕೂಗು ನೂರ ಎಪ್ಪತ್ತಾರು. ಅಂದರೆ ಎಂಟುನೂರ ಎಂಬತ್ತು ನಿಮಿಷ. ಹದಿನಾಲ್ಕು ಗಂಟೆ, ನಲವತ್ತು ನಿಮಿಷ.

ಡಬ್ಬಿಯ ಗುರುವಾರ ಸಂಜೆ 5:40ಕ್ಕೆ ಅದನ್ನು ಕೂಡಿಸಿದೆ. ನಿಜವಾದ ಹೊತ್ತು, ಶುಕ್ರವಾರ ಬೆಳಿಗ್ಗೆ 8:20.

ಚುಕ್ಕಿ ಅಲ್ಲ! ಕುಣಿಯಬೇಕೆನಿಸಿತು. ನನ್ನ ಹೆಂಡತಿಗೆ ಫೋನ್ ಮಾಡಿ ಹೇಳಬೇಕೆನಿಸಿತು. ಎರಡು ದಿನದಿಂದ ಅವಳು ಒಂದು ಮಾತೂ ಆಡದೆ, ಒಂದು ತುತ್ತೂ ಬಾಯಿಗಿಡದೆ ಅಂಗಡಿಯ ಖಾಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದಳು. ಚುಕ್ಕಿಯನ್ನು ಎತ್ತಿ ಆಡಿಸಿದ ಕೈ ಅವಳದು.

ಮೊಬೈಲು ಕೈಗೆ ಬಂದಿತ್ತು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಕುಣಿತವೆಲ್ಲ ಇಳಿದುಹೋಯಿತು.

ಬೆಳಿಗ್ಗೆ ಎಂಟಕ್ಕೆ ಈ ಬಾಗಿಲು ತೆಗೆಯುವುದು ಯಾರು? ಕೆಲಸದವರು ಬರುವುದು ಒಂಬತ್ತಕ್ಕೆ. ಮಗಳು ಬರುವುದು ಹತ್ತಕ್ಕೆ. ಎಂಟರಿಂದ ಒಂಬತ್ತರವರೆಗೆ, ನಲವತ್ತು ವರ್ಷದಿಂದ, ಇಲ್ಲಿ ಒಬ್ಬನೇ ಇರುವವನು ಮೇಸ್ತ್ರಿ. ಬೀಗವನ್ನು ಒತ್ತಿ ಹಾಕುವುದು ಯಾರಿಂದಲೂ ಆಗುತ್ತದೆ, ತೆಗೆಯಲು ಇರುವುದು ಒಂದೇ ಬೀಗದ ಕೈ, ಅದು ಅವನ ಸೊಂಟದಲ್ಲಿ.

ಕಾರಣವೂ ಇತ್ತು. ಬರುವ ತಿಂಗಳು ಮದುಮಕ್ಕಳನ್ನು ಕೊಯ್ದು ಪಿಟೀಲು ಮಾಡಲೇಬೇಕೆಂದು ಮಗಳು ಹಠ ಹಿಡಿದಿದ್ದಳು. "ಇನ್ನೂ ಕಾಲ ಬಂದಿಲ್ಲ" ಎಂದು ಇವನು ಮುಂದೂಡುತ್ತಲೇ ಇದ್ದ.

ಅವನು ನನಗೆ ಬೆನ್ನು ಹಾಕಿ ಉಳಿ ಮಸೆಯುತ್ತಿದ್ದ. ಭುಜ ಎಷ್ಟು ಸಣ್ಣಗಾಗಿದೆ ಎಂದು ಅವತ್ತೇ ಮೊದಲು ನೋಡಿದೆ. ಇವನನ್ನು ಕೊಟ್ಟು ಅವಳನ್ನು ಬಿಡಿಸಿಕೊಳ್ಳಬೇಕು. ಬೇರೆ ದಾರಿ ಇರಲಿಲ್ಲ.

ಎರಡು ಗಂಟೆಗೆ ಇನ್ಸ್‌ಪೆಕ್ಟರ್ ಬಂದರು. ಕೋರ್ಟಿಗೆ ಮುಂಚೆ ಜಾಗವನ್ನು ಒಮ್ಮೆ ತೋರಿಸಲೆಂದು ಚುಕ್ಕಿಯನ್ನೂ ಕರೆತಂದಿದ್ದರು. ಹಿಂದೆ ಮೇಸ್ತ್ರಿಯ ಮಗಳು. ಚುಕ್ಕಿಯ ಉಗುರಿನಲ್ಲಿ ಇನ್ನೂ ವಾರ್ನಿಷ್ ಇತ್ತು. ನನ್ನನ್ನು ನೋಡಿ ನಗಲು ಹೋದಳು, ಆಗಲಿಲ್ಲ.

"ಐದು ನಿಮಿಷ ಕೊಡಿ ಸಾರ್," ಎಂದು ಪಟ್ಟಿ ಮುಂದಿಟ್ಟೆ.

"ಚಿಕ್ಕಪ್ಪಾ, ಮತ್ತೆ ಶುರು ಮಾಡಬೇಡಿ," ಎಂದಳು ಮೇಸ್ತ್ರಿಯ ಮಗಳು. "ನನಗೇನು ಅವಳ ಮೇಲೆ ಹಗೆನಾ? ಯಂತ್ರ ಸುಳ್ಳು ಹೇಳಲ್ಲ."

"ಯಂತ್ರ ಸುಳ್ಳು ಹೇಳಲ್ಲಮ್ಮಾ. ಪಾಪ, ಅದಕ್ಕೆ ಗೊತ್ತಿರೋದಷ್ಟೇ ಹೇಳುತ್ತೆ. ಈಗ ಹೊತ್ತೆಷ್ಟು ಅಂತ ಅದನ್ನೇ ಕೇಳು ನೋಡೋಣ."

ಅವಳು ತನ್ನ ಮೊಬೈಲಿನಲ್ಲೇ ಇಳಿಸಿಕೊಂಡಳು. ಕೊನೆಯ ಸಾಲು ನಿನ್ನೆ ರಾತ್ರಿಯನ್ನು ತೋರಿಸುತ್ತಿತ್ತು. ಅವಳ ಮುಖ ಸಣ್ಣದಾಯಿತು.

ಇನ್ಸ್‌ಪೆಕ್ಟರಿಗೆ ಖಾಲಿ ಜಾಗ ತೋರಿಸಿದೆ, ಹಾರಿದ ಸಂಖ್ಯೆ ತೋರಿಸಿದೆ, ಮರದ ಚಕ್ಕೆಯ ಲೆಕ್ಕ ತೋರಿಸಿದೆ. ಮನುಷ್ಯ ಚುರುಕು. ಎರಡು ಕಡೆ ತಾವೇ ಎಣಿಸಿ ನೋಡಿದರು.

"ಗಡಿಯಾರ ಹಾಕ್ದೆ ಮುಚ್ಚಿದ ಪುಣ್ಯಾತ್ಮ ಯಾರು?"

"ನಾನೇ ಸಾರ್."

ಚುಕ್ಕಿ ಥಟ್ಟನೆ ನನ್ನನ್ನು ನೋಡಿದಳು. "ಮಾವಾ, ಹಾಕ್ತೀನಿ ಅಂದಿದ್ರಿ!"

"ಮರೆತೆ ಕಣಮ್ಮ."

"ಇರ್ಲಿ," ಎಂದರು ಇನ್ಸ್‌ಪೆಕ್ಟರ್. "ಹಾಗಾದ್ರೆ ಶುಕ್ರವಾರ ಬೆಳಿಗ್ಗೆ ಎಂಟೂ ಇಪ್ಪತ್ತು. ಆ ಹೊತ್ತಲ್ಲಿ ಬೀಗದ ಕೈ ಯಾರ ಹತ್ರ ಇರುತ್ತೆ?"

ಮಗಳು ಅಪ್ಪನ ಬೆನ್ನನ್ನು ನೋಡಿದಳು. ನಾವೆಲ್ಲ ಇಷ್ಟು ಮಾತಾಡುತ್ತಿದ್ದರೂ ಮೇಸ್ತ್ರಿ ಉಳಿಯಿಂದ ಕಣ್ಣೆತ್ತಿರಲಿಲ್ಲ.

ನಾನೇ ಕೇಳಬೇಕಿತ್ತು. ಬೇರೆಯವರ ಬಾಯಲ್ಲಿ ಅವನು ಅದನ್ನು ಕೇಳಬಾರದಿತ್ತು.

"ಮೇಸ್ತ್ರಿ, ಮದುಮಕ್ಕಳನ್ನ ತೆಗೆದವನು ನೀನೇನಾ?"

ಉಳಿ ಕಲ್ಲಿನ ಮೇಲೆ ಸರ್ ಸರ್ ಎಂದು ಹೋಗಿ ಬರುತ್ತಿತ್ತು.

"ನಿನ್ನನ್ನೇ ಕೇಳ್ತಿರೋದು. ನಮ್ಮ ಸ್ನೇಹಕ್ಕೆ ಬೆಲೆ ಇದ್ರೆ ಇಲ್ಲ ಅಂತಾದ್ರೂ ಹೇಳು!"

ಅವನು ತಿರುಗಲೇ ಇಲ್ಲ. ತಪ್ಪು ಮಾಡಿದವನ ಮೌನ ಹೀಗೇ ಇರುತ್ತದೆಂದು ನಾನು ತೀರ್ಮಾನಿಸಿಬಿಟ್ಟೆ. ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಮುಂದಿಟ್ಟರು.

"ಅವರನ್ನ ಮುಟ್ಟಬೇಡಿ," ಎಂದಳು ಚುಕ್ಕಿ. "ತಾತಂಗೆ ನೀವು ಕೇಳಿದ್ದು ಕೇಳ್ಸಿಲ್ಲ."

"ಏನಂದೆ?"

"ಕಿವಿ ಹೋಗಿದೆ ಮಾವಾ. ಆರು ತಿಂಗಳಾಯ್ತು. ಎದುರಿಗೆ ನಿಂತ್ರೆ ತುಟಿ ನೋಡ್ಕೊಂಡು ಮಾತಾಡ್ತಾರೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ರು. ಗೊತ್ತಾದ್ರೆ ಈ ಅಕ್ಕ ಉಳಿ ಕೆಳಗಿಡಿಸ್ತಾರೆ ಅಂತ ಭಯ ಅವ್ರಿಗೆ."

ಮೇಸ್ತ್ರಿಯ ಮಗಳು ಗೋಡೆಗೆ ಒರಗಿದಳು.

"ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅವ್ರು ಇಲ್ಲಿರ್ಲಿಲ್ಲ ಸಾರ್. ನಾನೇ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಚೀಟಿ ಇದೆ, ಟೈಮೂ ಬರ್ದಿದೆ. ಬರೋ ಹೊತ್ತಿಗೆ ಒಂಬತ್ತೂವರೆ."

ಬಿರುಕು ಹಲಗೆಗೆ 'ಚೆನ್ನಾಗಿದೆ' ಎಂದ ಮುಖ ನನ್ನ ಕಣ್ಣೆದುರು ಬಂತು. ಏನೂ ಕೇಳದಿದ್ದರೂ ಇವನು ದಿನಾ ಸ್ವಿಚ್ಚು ಎಳೆದು, ಹಲಗೆ ತಟ್ಟಿ, ತಲೆಯಾಡಿಸುತ್ತಿದ್ದ. ಎದುರಿಗೆ ಕೂತು ನಾನು ಆ ಮೌನವನ್ನು ಸವಿಯುತ್ತಿದ್ದೆ. ಸ್ನೇಹಿತ ಅಂತೆ, ಪತ್ತೇದಾರ ಅಂತೆ.

ಹೋಗಿ ಅವನ ಭುಜ ಹಿಡಿದು ತಿರುಗಿಸಿದೆ. ಗಾಬರಿಯಾಗಿ ಎಲ್ಲರ ಮುಖ ನೋಡಿದ. ಮಗಳ ಕಣ್ಣೀರು ನೋಡಿದೊಡನೆ ಗುಟ್ಟು ರಟ್ಟಾಯಿತೆಂದು ಅವನಿಗೇ ತಿಳಿಯಿತು.

"ಶುಕ್ರವಾರ," ಎಂದೆ, ತುಟಿ ಅಗಲಿಸಿ, ನಿಧಾನವಾಗಿ. "ಬೆಳಿಗ್ಗೆ. ಬೀಗದ ಕೈ ಎಲ್ಲಿತ್ತು?"

"ಅದಾ?" ಎಂದ. ನಾನು ಇಷ್ಟು ಸಣ್ಣ ವಿಷಯ ಕೇಳಿದೆನಲ್ಲ ಎಂಬಂತೆ. "ನಿಮ್ಮಂಗಡೀಲಿ ಕೊಟ್ಟು ಹೋಗಿದ್ದೆ. ಏಳೂಮುಕ್ಕಾಲಿಗೆ. ಒಂಬತ್ತಕ್ಕೆ ಕೆಲಸದವರು ಅಲ್ಲಿಂದಲೇ ಈಸ್ಕೊಂಡು ಬಾಗಿಲು ತೆಗೆದ್ರು. ಯಾಕೆ, ನಿನ್ನ ಹೆಂಡ್ತಿ ಹೇಳ್ಲಿಲ್ವಾ?"

ಶುಕ್ರವಾರ ಮೊದಲ ಬಸ್ಸಿಗೇ ನಾನು ಪಕ್ಕದೂರಿಗೆ ಹೋಗಿದ್ದೆ. ಬಂದದ್ದು ಸಂಜೆ. ಅವಳು ಹೇಳಿರಲಿಲ್ಲ.

ಎಲ್ಲರೂ ಈಗ ನನ್ನನ್ನು ನೋಡುತ್ತಿದ್ದರು. ಅಂಗಡಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು.

"ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ನಿನ್ನ ಕೈಗೆ ಬೀಗದ ಕೈ ಕೊಟ್ಟಿದ್ನಾ?"

ಆಚೆಯಿಂದ ಗಲ್ಲಾಪೆಟ್ಟಿಗೆ ಮುಚ್ಚಿದ ಸದ್ದು ಬಂತು.

"ಒಂಬತ್ತರ ತನಕ ಅದು ನಿನ್ನ ಹತ್ರಾನೇ ಇತ್ತಾ? ಬೇರೆ ಯಾರಾದ್ರೂ ಬಂದು..."

"ಚುಕ್ಕಿನ ಬಿಟ್ರಾ?" ಎಂದಳು. ಎರಡು ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು.

"ನಾನು ಕೇಳಿದ್ದಕ್ಕೆ ಹೇಳು."

"ಮೊದ್ಲು ಅವಳನ್ನ ಬಿಟ್ರಾ ಹೇಳಿ. ಬಿಟ್ಟಿಲ್ಲ ಅಂದ್ರೆ ಫೋನು ಆ ಇನ್ಸ್‌ಪೆಕ್ಟರಿಗೆ ಕೊಡಿ. ನಾನು ಮಾಡಿದ್ದನ್ನ ನಿಮ್ಮ ಹತ್ರ ಹೇಳೋ ಧೈರ್ಯ ನನಗಿಲ್ಲ ರೀ."

ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿಕೊಂಡರು. "ಏನಂತಾರೆ?" ಎಂದರು.

ಅವರ ಪಕ್ಕದಲ್ಲಿ ಚುಕ್ಕಿ ನಿಂತಿದ್ದಳು.

ನಾನು ಫೋನು ಕೊಟ್ಟೆ.